ಎರಡು ಕಲ್ಲಿನ ಲೆಕ್ಕ

ಹಿತ್ತಲಲ್ಲಿ ಕೊಡಲಿಯ ಮೊದಲ ಏಟು ಬಿದ್ದಾಗ ಕಮಲಾವತಿ ತೀರಿಕೊಂಡ ಗಂಡ ಪುಷ್ಪರಾಜ ಮಾಷ್ಟ್ರ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಬಿಳಿ ನೂಲಿನಿಂದ ಕಟ್ಟುತ್ತಿದ್ದಳು. ಗಂಟು ಹಾಕುತ್ತಿದ್ದ ಕೈ ಅಲ್ಲಿಗೇ ನಿಂತಿತು. ಅದು ಚಿತೆಗೆಂದು ಕಡಿಯುತ್ತಿದ್ದ ಹಸಿ ಮಾವಿನ ಸದ್ದಲ್ಲ. ಒಣಗಿದ ಹಲಸಿನ ಹಲಗೆಯ ಸದ್ದು.

"ಅದು ಎಂತದ್ದು ವಿಮಲಾ?"

ತಂಗಿ ವಿಮಲಾ ಹಿಂಬಾಗಿಲವರೆಗೆ ಹೋಗಿ ಇಣುಕಿ ಬಂದಳು. "ಭಾವನ ಮರಿಗೆ ಒಡೀತಾ ಇದ್ದಾರೆ ಅಕ್ಕ. ಅದನ್ನೂ ಚಿತೆಗೆ ಹಾಕುವ ಅಂತ ರವಿರಾಜಣ್ಣ ಹೇಳಿದ್ದಂತೆ."

ಕಮಲಾವತಿ ಗಂಟು ಬಿಗಿದು ಎದ್ದಳು. ಚಾವಡಿಯಲ್ಲಿ ಕೂತು ಮೆಲುದನಿಯಲ್ಲಿ ಣಮೋಕಾರ ಮಂತ್ರ ಹೇಳುತ್ತಿದ್ದ ಹೆಂಗಸರು ಅವಳಿಗೆ ದಾರಿ ಬಿಟ್ಟರು.

ಹಿತ್ತಲಿನ ಮಾಡಿನ ಕೆಳಗೆ ಹದಿನೆಂಟು ಅಡಿ ಉದ್ದದ ಆ ಮರಿಗೆ, ನೀರು ಹರಿಸುವ ಮರದ ಕಾಲುವೆ, ನಾಲ್ಕು ಕಲ್ಲುಗಂಬಗಳ ಮೇಲೆ ಮಲಗಿತ್ತು. ಒಂದೂವರೆ ಅಡಿ ಅಗಲ, ಅಷ್ಟೇ ಆಳ. ಒಂದು ಬದಿಗೆ ಹಲಗೆಯ ಬದಲು ಕಿಟಕಿಯ ಗಾಜು ಕೂರಿಸಿತ್ತು. ತಲೆಯ ಕಡೆ ಕಲ್ಲಿನ ದೊಡ್ಡ ತೊಟ್ಟಿ, ನಡುವೆ ಏರಿಸಿ ಇಳಿಸುವ ಹಲಗೆಬಾಗಿಲು. ತೊಟ್ಟಿಯ ನೀರು ಆ ಬಾಗಿಲಿನಿಂದ ಮರಿಗೆಗೆ ಇಳಿದು, ಉದ್ದಕ್ಕೂ ಹರಿದು, ಕೊನೆಗೆ ತೆಂಗಿನ ಬುಡಕ್ಕೆ ಬೀಳುತ್ತಿತ್ತು. ಕೊಡಲಿ ಹಿಡಿದಿದ್ದವನು ನೆರೆಮನೆಯ ಚಿನ್ನಯ್ಯ. ಏಟು ಮೇಲಂಚಿಗೆ ಮಾತ್ರ ಬಿದ್ದು ಒಂದು ಚಕ್ಕೆ ಎದ್ದಿತ್ತು. ಎರಡನೇ ಏಟು ಬೀಳದ ಹಾಗೆ ದೋಣಿ ಕಟ್ಟುವ ಆಚಾರಿ ಅಬ್ದುಲ್ ಶುಕೂರ್ ಕೊಡಲಿಯ ಕಾವನ್ನು ಹಿಡಿದು ನಿಂತಿದ್ದ. ಮರಿಗೆಯನ್ನು ಕಟ್ಟಿಕೊಟ್ಟವನೂ ಅವನೇ.

"ಅತ್ತಿಗೆ, ನೀವು ಒಳಗೆ ಹೋಗಿ," ಎಂದ ಮೈದುನ ರವಿರಾಜ. ಸುದ್ದಿ ಮುಟ್ಟಿದ ಕೂಡಲೇ ಮೂಡುಬಿದಿರೆಯಿಂದ ಸಿಕ್ಕಿದ ಬಸ್ಸಿಗೆ ಬಂದಿದ್ದ. ಆರಡಿ ಎತ್ತರದ ಆಳು. ಅತ್ತು ಅತ್ತು ಮುಖ ಊದಿತ್ತು. "ಹತ್ತು ವರ್ಷ ಈ ಮರಿಗೆ ಅಣ್ಣನನ್ನು ತಿಂದಿತು. ಚಳಿಯಲ್ಲಿ, ನೀರಲ್ಲಿ ನಿಂತು ನಿಂತು ಎದೆ ಹಾಳಾಯ್ತು. ಅವನ ಜೊತೆಗೇ ಹೋಗಲಿ ಇದು. ನಾಳೆಯಿಂದ ನಿಮ್ಮ ಕಣ್ಣೆದುರು ಬೇಡ."

ಅವಳಿಗೂ ಅದೇ ಸರಿ ಎಂದು ಕಂಡಿತು. ಆ ಮರಿಗೆಯನ್ನು ಅವಳಷ್ಟು ದ್ವೇಷಿಸಿದವರು ಬೇರೆ ಯಾರಿದ್ದಾರೆ? ಹೂಂ ಎನ್ನಲು ಬಾಯಿ ತೆರೆದಳು.

"ಅಮ್ಮ, ಒಂದು ಗಳಿಗೆ," ಎಂದ ಶುಕೂರ್. "ಒಬ್ಬ ಬರುವವ ಇದ್ದಾನೆ. ಅವ ಬಂದ ಮೇಲೆ ಒಡೆಯುವ. ಅಷ್ಟು ಹೊತ್ತು ಬಿಡಿ."

"ಯಾರು?"

ಶುಕೂರ್ ನೆಲ ನೋಡಿದ. "ಕಕ್ಕಿಂಜೆಯಿಂದ. ಬೆಳಿಗ್ಗೆ ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿ ಕಳಿಸಿದ್ದೇನೆ. ಹಾಗೆ ಮಾಡ್ಬೇಕು ಅಂತ ಮಾಷ್ಟ್ರು ನನ್ನತ್ರ ಮೊದಲೇ ಹೇಳಿದ್ರು."

ಕಕ್ಕಿಂಜೆಯಲ್ಲಿ ತಮಗೆ ಪರಿಚಯದವರು ಯಾರೂ ಇಲ್ಲವೆಂದು ಕಮಲಾವತಿ ಅಂದುಕೊಂಡಳು. ತೊಟ್ಟಿಯ ಕಡೆ ಕಣ್ಣು ಹೋಯಿತು. ಅದು ಅಂಚಿನವರೆಗೂ ತುಂಬಿತ್ತು. ನಿನ್ನೆ ಸಂಜೆ ಬಾವಿಯಿಂದ ಒಂದೊಂದೇ ಕೊಡ ಸೇದಿ ಗಂಡನೇ ತುಂಬಿಸಿದ್ದು. ಬೇಡ, ಸುಸ್ತಾಗುತ್ತದೆ ಎಂದು ಅವಳು ಅಡುಗೆಮನೆಯಿಂದಲೇ ಕೂಗಿದ್ದಳು. ಕೇಳಿಸಿತೋ ಇಲ್ಲವೋ. ಬೆಳಗಿನ ಜಾವ ಎದೆ ಹಿಡಿದುಕೊಂಡು ಎದ್ದು ಕೂತವರು ಕುಡಿಯಲು ನೀರು ಕೇಳಿದರು. ಅವಳು ಲೋಟ ತರುವಷ್ಟರಲ್ಲಿ ಮುಗಿದಿತ್ತು.

"ಆಗಲಿ, ಕಾಯುವ," ಎಂದಳು. "ಹೇಗೂ ಎರಡು ಗಂಟೆಗಲ್ವಾ ಎತ್ತುವುದು."

*

ಮಗಳು ತ್ರಿಶಲಾ ಇದ್ದಾಗ ಹಿತ್ತಲಲ್ಲಿ ಮರಿಗೆ ಇರಲಿಲ್ಲ. ಐವತ್ತಮೂರನೇ ಇಸವಿಯವರೆಗೆ ಅಲ್ಲಿದ್ದದ್ದು ಬಸಳೆಯ ಚಪ್ಪರ.

ಮನೆ ನೇತ್ರಾವತಿಯ ಈಚೆ ದಡದಲ್ಲಿ, ಶಾಲೆ ಆಚೆ ಬಂಟ್ವಾಳ ಪೇಟೆಯಲ್ಲಿ. ಪುಷ್ಪರಾಜರು ಹೈಸ್ಕೂಲಿನಲ್ಲಿ ಗಣಿತದ ಮಾಷ್ಟ್ರು; ಮಗಳು ಆರನೇ ಕ್ಲಾಸು. ಇಬ್ಬರೂ ದಿನಾ ಧರ್ಣಪ್ಪನ ದೋಣಿಯಲ್ಲಿ ದಾಟುತ್ತಿದ್ದರು. ಮಾಷ್ಟ್ರು ಮದರಾಸಿನಲ್ಲಿ ಎಂ.ಎ. ಮುಗಿಸಿ, ನೀರಿನೊಳಗೆ ಅಡಗಿದ ಕಲ್ಲುಬಂಡೆಗಳನ್ನು ದಾಟಿ ಹರಿಯುವಾಗ ಮೇಲ್ಮೈಯಲ್ಲಿ ಏಳುವ ಅಲೆಗಳ ಗಣಿತದಲ್ಲಿ ಸಂಶೋಧನೆಗೆ ತೊಡಗಿದ್ದವರು. ತಂದೆ ತೀರಿಕೊಂಡ ಸುದ್ದಿ ಬಂದು ಊರಿಗೆ ಬಂದರು, ಮತ್ತೆ ಹೋಗಲಿಕ್ಕೆ ಆಗಲಿಲ್ಲ. ಆ ಓದಿನಲ್ಲಿ ಉಳಿದದ್ದನ್ನೆಲ್ಲ ಅವರು ದೋಣಿ ದಾಟುವ ಕಡವಿನಲ್ಲಿ ಮಗಳಿಗೆ ಕೊಟ್ಟರು.

"ಕಲ್ಲಿಗೆ ಬರುವ ಮೊದಲು ನೋಡು, ನೀರಿಗೆ ಏನೂ ಗೊತ್ತಿಲ್ಲ. ಕಲ್ಲು ದಾಟಿದ ಮೇಲೆಯೇ ಅಲೆ. ಒಂದರ ಹಿಂದೆ ಒಂದು, ಸಮ ಅಂತರದಲ್ಲಿ. ನೀರು ಓಡಿದರೂ ಅಲೆ ನಿಂತಲ್ಲೇ ನಿಂತಿರುತ್ತದೆ."

ಅದು ಮಗಳಿಗೆ ಆಟವಾಯಿತು. ದೋಣಿಯ ಮೂತಿಯಲ್ಲಿ ಕೂತು, "ಧರ್ಣಪ್ಪಣ್ಣ, ಬಲಗಡೆ ಒಂದುಂಟು!" ಎಂದು ಕೂಗುವುದು. ಸಂಜೆ ಮನೆಗೆ ಬಂದು ಅಮ್ಮನ ಹತ್ತಿರ, "ಇವತ್ತು ಏಳು ಕಲ್ಲು ಹಿಡಿದೆ," ಎಂದು ಲೆಕ್ಕ ಒಪ್ಪಿಸುವುದು. ಅಪ್ಪನ ಮಾತನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದಳು: ಕಲ್ಲಿದ್ದರೆ ಅಲೆ ಉಂಟು, ನೀರು ಸಪಾಟಾಗಿದ್ದರೆ ಕಲ್ಲಿಲ್ಲ.

ನವೆಂಬರಿನ ಒಂದು ಶನಿವಾರ ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತ್ತು. ಘಟ್ಟದಲ್ಲಿ ಎರಡು ದಿನ ಅಕಾಲ ಮಳೆ ಬಂದು ಹೊಳೆ ಏರಿತ್ತು, ದಾಟಲಾಗದಷ್ಟಲ್ಲ. ಮಾಷ್ಟ್ರು ಪರೀಕ್ಷೆಯ ಪೇಪರು ತಿದ್ದಲು ಉಳಿದರು, ಮಗಳನ್ನು ಕಳಿಸಿದರು. ದೋಣಿಯಲ್ಲಿ ಒಂಬತ್ತು ಜನ. ನಟ್ಟನಡು ಹೊಳೆಯಲ್ಲಿ ತಳಕ್ಕೆ ಏನೋ ಬಡಿಯಿತು, ದೋಣಿ ಮಗುಚಿತು. ಆರು ಜನ ದಡ ಸೇರಿದರು. ಸಂತೆಗೆ ಹೋಗಿದ್ದ ಇಬ್ಬರು ಹೆಂಗಸರು, ತ್ರಿಶಲಾ ಸೇರಲಿಲ್ಲ. ಮರುದಿನ ಎರಡು ಮೈಲು ಕೆಳಗೆ, ಬಳ್ಳಿಗಳ ಬುಡದಲ್ಲಿ ಸಿಕ್ಕಿದಳು. ಒಂದು ಜಡೆ ಬಿಚ್ಚಿತ್ತು, ಇನ್ನೊಂದು ಅಮ್ಮ ಬೆಳಿಗ್ಗೆ ಕಟ್ಟಿದ ಹಾಗೆಯೇ ಇತ್ತು.

ನಾಲ್ಕನೇ ದಿನ ವಿಚಾರಣೆಗೆ ಅಧಿಕಾರಿಗಳು ಬಂದರು. ಅಷ್ಟರಲ್ಲಿ ಹೊಳೆ ಇಳಿದಿತ್ತು. ದಡದ ತುಂಬ ಜನ. ಒದ್ದೆ ಬೈರಾಸು ಹೊದ್ದು, ಕೈ ಕಟ್ಟಿ ನಿಂತಿದ್ದ ಧರ್ಣಪ್ಪ ಹೇಳಿದ್ದು ಒಂದೇ ಮಾತು.

"ಆ ದಿನ ಅಲ್ಲಿ ಅಲೆ ಇರಲಿಲ್ಲ ಸ್ವಾಮೀ."

ಅಧಿಕಾರಿ ಬೆತ್ತ ಎತ್ತಿ ಹೊಳೆಯತ್ತ ತೋರಿಸಿದರು. "ಹಾಗಾದರೆ ಅದೇನು?"

ನಡು ಹೊಳೆಯಲ್ಲಿ ಒಂದರ ಹಿಂದೆ ಒಂದು ಮೂರು ಅಲೆಗಳು ಎದ್ದು ನಿಂತಿದ್ದವು. ತುದಿಯಲ್ಲಿ ಬಿಳಿ ನೊರೆ. ಮಗುವಿಗೂ ಕಾಣುವಂಥ ಅಲೆಗಳು. ಜನರಲ್ಲಿ ಯಾರೋ ನಕ್ಕರು. ಕುಡಿದಿದ್ದ ಎಂದರು ಇನ್ಯಾರೋ. ಕಮಲಾವತಿ ಆ ಅಲೆಗಳನ್ನು ತನ್ನ ಕಣ್ಣಿನಿಂದ ನೋಡಿದಳು. ಮಾಸದ ಗಾಯದ ಮೇಲೆ ಅದು ಬರೆಯ ಹಾಗೆ ಕೂತಿತು. "ಸುಳ್ಳ! ನನ್ನ ಮಗಳನ್ನು ಕೊಂದವ ನೀನೇ!" ಎಂದು ಎಲ್ಲರೆದುರು ಕಿರುಚಿದಳು. ಧರ್ಣಪ್ಪ ತಲೆ ಎತ್ತಲಿಲ್ಲ.

ಪಕ್ಕದಲ್ಲೇ ನಿಂತಿದ್ದ ಗಂಡ ಕಿರುಚಲಿಲ್ಲ, ಅಳಲಿಲ್ಲ. ಹೊಳೆಯನ್ನೇ ನೋಡುತ್ತಿದ್ದರು. ಅದನ್ನೂ ಅವಳು ಕ್ಷಮಿಸಲಿಲ್ಲ. ಧರ್ಣಪ್ಪನ ಕಡವು ಹೋಯಿತು, ಅವನು ಊರು ಬಿಟ್ಟ. ವರ್ಷ ತುಂಬುವ ಮೊದಲು ಬಸಳೆ ಚಪ್ಪರ ಕಿತ್ತು ಮಾಷ್ಟ್ರು ಮರಿಗೆ ಕಟ್ಟಿಸಿದರು. ಮಗಳ ಹೆಸರು ಆ ಮನೆಯಲ್ಲಿ ಯಾರ ಬಾಯಿಂದಲೂ ಬರುವುದು ನಿಂತಿತು. ಶಾಲೆಯಿಂದ ಬಂದವರು ಸೂರ್ಯ ಮುಳುಗುವ ಮೊದಲು ಊಟ ಮುಗಿಸಿ ಹಿತ್ತಲಿಗೆ ಹೋಗುತ್ತಿದ್ದರು. ಬೇಸಗೆಯಲ್ಲಿ ಹೊಳೆ ಬತ್ತಿದಾಗ ಹಗ್ಗ, ಕೋಲು ಹಿಡಿದು ಆ ಜಾಗಕ್ಕೇ ಇಳಿದು ಅಳೆದು, ಮೊಣಕಾಲವರೆಗೆ ಕೆಸರಾಗಿ ಬರುತ್ತಿದ್ದರು. ಮಗಳನ್ನು ಮರೆಯಲಿಕ್ಕೆ ಈ ಮನುಷ್ಯನಿಗೆ ಒಂದು ಲೆಕ್ಕ ಸಿಕ್ಕಿತು, ನನಗೆ ಎಂತದ್ದೂ ಸಿಗಲಿಲ್ಲ ಎಂದು ಅವಳು ಅಂದುಕೊಂಡಳು.

ಒಮ್ಮೆ ಮಾತ್ರ ಅವರು ಖುಷಿಯಾಗಿದ್ದನ್ನು ಕಂಡಿದ್ದಳು. ಮದರಾಸಿನ ಪ್ರೊಫೆಸರರೊಬ್ಬರಿಂದ ಕಾಗದ ಬಂದ ದಿನ. ಓದಿ ಹೇಳಿದ್ದು ರವಿರಾಜನ ಎದುರು: "ನನ್ನ ಲೆಕ್ಕ ಸರಿಯಂತೆ. ಆದರೆ ಹೊಸತಲ್ಲವಂತೆ, ತಿಳಿದವರಿಗೆಲ್ಲ ಎಷ್ಟೋ ವರ್ಷದಿಂದ ಗೊತ್ತಂತೆ. ಅಚ್ಚು ಹಾಕಿಸುವಂಥದ್ದು ಏನೂ ಇಲ್ಲ." ರವಿರಾಜ ಹಣೆ ಬಡಿದುಕೊಂಡಿದ್ದ. ಆಗ ಇವರು ನಕ್ಕರು. "ಗೊತ್ತಿದ್ದದ್ದೇ ಅಂದರೆ ನಿಜ ಅಂತಾಯಿತಲ್ಲ ಮಾರಾಯ." ಅಂದು ಎರಡು ತುತ್ತು ಹೆಚ್ಚು ಉಂಡಿದ್ದರು.

*

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬೇಲಿಯ ತಡಮೆಯ ಹತ್ತಿರ ಗದ್ದಲವಾಯಿತು.

"ಇವನನ್ನು ಇಲ್ಲಿಗೆ ಬರಲಿಕ್ಕೆ ಹೇಳಿದ್ದು ಯಾರು?" ರವಿರಾಜನ ಗಂಟಲು.

ಕಮಲಾವತಿ ಜಗಲಿಗೆ ಬಂದಳು. ತಡಮೆಯ ಆಚೆ ಗಿಡ್ಡ ಆಳೊಬ್ಬ ನಿಂತಿದ್ದ. ತಲೆ ಪೂರ್ತಿ ನರೆತಿತ್ತು, ಅಂಗಿಯ ತೋಳಿನಲ್ಲಿ ಮರದ ಹುಡಿ. ಮುಖಕ್ಕಿಂತ ಮೊದಲು ಅವಳಿಗೆ ಗುರುತು ಸಿಕ್ಕಿದ್ದು ಅವನು ಕೈ ಕಟ್ಟಿ ನಿಂತ ರೀತಿ.

ಅವಳು ಜಗಲಿಯ ಅಂಚಿಗೆ ಬಂದಳು.

"ಯಾಕೆ ಬಂದೆ?"

"ಮಾಷ್ಟ್ರನ್ನು ಒಮ್ಮೆ ನೋಡಿ ಹೋಗ್ತೇನೆ ಅಮ್ಮ," ಎಂದ ಧರ್ಣಪ್ಪ. "ದೂರದಿಂದಲೇ. ಒಳಗೆ ಬರುವುದಿಲ್ಲ."

"ಅವರ ಮುಖ ನೋಡ್ಲಿಕ್ಕೆ ನಿನಗೆ ಎಂತ ಹಕ್ಕುಂಟು?"

"ಹಕ್ಕಿಲ್ಲ." ಅವನು ಕಟ್ಟಿದ ಕೈ ಬಿಚ್ಚಿದ. "ಹೋದ ಏಪ್ರಿಲಿನಲ್ಲಿ ಅವರೇ ನನ್ನನ್ನು ಹುಡುಕಿಕೊಂಡು ಬಂದಿದ್ರು. ಕಕ್ಕಿಂಜೆಯಲ್ಲಿ ಮರ ಕೊಯ್ಯುವ ಜಾಗಕ್ಕೆ. ಅಷ್ಟು ಜನ ಕೂಲಿಗಳ ಎದುರು ನನ್ನ ಕೈ ಹಿಡಿದು, ‘ಧರ್ಣಪ್ಪ, ನೀನು ಸುಳ್ಳು ಹೇಳಿರಲಿಲ್ಲ’ ಅಂದ್ರು. ಹತ್ತು ವರ್ಷದಲ್ಲಿ ಅಷ್ಟು ಹೇಳಿದವರು ಅವರೊಬ್ಬರೇ ಅಮ್ಮ. ನನ್ನ ಹೆಂಡತಿಯೂ ಹೇಳಲಿಲ್ಲ."

ರವಿರಾಜ ಮುಂದೆ ಬಂದ. ಕಮಲಾವತಿ ಕೈ ಎತ್ತಿ ತಡೆದಳು.

"ನಾನು ಕಣ್ಣಾರೆ ನೋಡಿದ್ದೇನೆ. ಅಲೆ ಇತ್ತು."

"ಇತ್ತು. ನೀವು ನೋಡಿದ್ದು ನಾಲ್ಕನೇ ದಿನ. ಶನಿವಾರ ಇರಲಿಲ್ಲ. ಮಾಷ್ಟ್ರು ಅಳೆದು ನೋಡಿದ್ದಾರೆ, ಹೊಳೆಯಲ್ಲಿ ಒಂದು ಕಲ್ಲಲ್ಲ ಅಮ್ಮ, ಎರಡು. ಒಂದರ ಹಿಂದೆ ಒಂದು, ನಾಲ್ಕಡಿ ದೂರದಲ್ಲಿ. ಮುಂದಿನ ಕಲ್ಲಿನ ಅಲೆ ಏಳುವಲ್ಲಿ ಹಿಂದಿನ ಕಲ್ಲಿನ ಅಲೆ ಇಳಿಯುತ್ತದೆ. ಎರಡೂ ಒಂದನ್ನೊಂದು ಅಳಿಸಿಬಿಡ್ತವೆ. ನೀರಿನ ವೇಗ ಅದಕ್ಕೆ ಸರಿಯಾಗಿ ಇದ್ದರೆ ಮಾತ್ರ. ಸ್ವಲ್ಪ ಹೆಚ್ಚಾದರೂ ಕಮ್ಮಿಯಾದರೂ ಅಲೆ ಕಾಣ್ತದೆ. ಶನಿವಾರ ಮಧ್ಯಾಹ್ನ ಸರಿಯಾಗಿ ಅದೇ ವೇಗ ಇತ್ತು."

"ಆ ದಿನದ ನೀರಿನ ಗುರುತು ನನ್ನ ಶೆಡ್ಡಿನ ಕಂಬದಲ್ಲಿ ಉಂಟು," ಎಂದ ಶುಕೂರ್ ಹಿಂದಿನಿಂದ. "ಮಾಷ್ಟ್ರು ಅದರಿಂದಲೇ ಲೆಕ್ಕ ಹಾಕಿದ್ದು. ದೊಡ್ಡ ಕಚೇರಿಗೆ ಮೂರು ಸಲ ಬರೆದ್ರು. ಕಡತ ಮುಚ್ಚಿ ಆಗಿದೆ ಅಂತ ಉತ್ತರ ಬಂತು."

ಕಮಲಾವತಿ ಶುಕೂರನನ್ನು ನೋಡಿದಳು, ಮತ್ತೆ ಧರ್ಣಪ್ಪನನ್ನು. ಇವರಿಗೆಲ್ಲ ಗೊತ್ತಿದೆ. ತನ್ನ ಹಿತ್ತಲಲ್ಲಿ ನಡೆದದ್ದು ಊರಿನ ಆಚಾರಿಗೆ ಗೊತ್ತಿದೆ, ತನಗೆ ಗೊತ್ತಿಲ್ಲ.

"ನೀನು ನಮ್ಮ ಮನೆಗೆ ಬಂದಿದ್ದೆಯಾ?"

"ಒಮ್ಮೆ. ಮರಿಗೆಯಲ್ಲಿ ತೋರಿಸ್ಲಿಕ್ಕೆ ಕರಕೊಂಡು ಬಂದ್ರು. ನೀವು ಮೂಡುಬಿದಿರೆಗೆ ಬಸದಿಗೆ ಹೋಗಿದ್ದ ದಿನ ನೋಡಿ. ಅವಳ ಕಣ್ಣಿಗೆ ಬಿದ್ದರೆ ಅವಳಿಗೆ ತಡೆಯಲಿಕ್ಕಾಗದು ಅಂದ್ರು."

"ನನಗೆ ಯಾಕೆ ಹೇಳಲಿಲ್ಲ? ಇಷ್ಟು ಗೊತ್ತಿದ್ದೂ ನನಗೆ ಯಾಕೆ ಹೇಳಲಿಲ್ಲ?"

ಧರ್ಣಪ್ಪ ಹೆಗಲ ಬೈರಾಸಿನಿಂದ ಬಾಯಿ ಒರೆಸಿಕೊಂಡ.

"ನಾನೂ ಕೇಳಿದ್ದೆ. ‘ನಾನು ಹೇಳಿದರೆ ಅವಳಿಗೆ ಕೋಪ ಮಾಡಲಿಕ್ಕೂ ಯಾರೂ ಉಳಿಯುವುದಿಲ್ಲ ಧರ್ಣಪ್ಪ’ ಅಂದ್ರು."

ಒಳಗೆ ಣಮೋಕಾರ ನಿಂತಿತ್ತು. ಕಮಲಾವತಿ ಜಗಲಿಯ ಕಂಬ ಹಿಡಿದುಕೊಂಡಳು.

"ಇನ್ನೊಂದು ಮಾತು ಉಂಟು ಅಮ್ಮ. ಹೇಳ್ಬೇಕಾ ಬೇಡವಾ ಗೊತ್ತಿಲ್ಲ."

"ಹೇಳು."

"ಆ ದಿನ ಮಗು ಮೂತಿಯಲ್ಲೇ ಕೂತಿತ್ತು. ದಿನದ ಹಾಗೆ. ಕಲ್ಲು ಹೇಳ್ತಾ ಇತ್ತು. ಮೂರು ಹೇಳಿತು, ಮೂರೂ ಸರಿ. ಸೆಳೆತಕ್ಕೆ ದಿನದ ದಾರಿಯಿಂದ ಸ್ವಲ್ಪ ಸರಿದು ನಡು ಹೊಳೆಗೆ ಬಂದಾಗ, ‘ಇನ್ನು ದಡದವರೆಗೆ ಒಂದೂ ಇಲ್ಲ ಧರ್ಣಪ್ಪಣ್ಣ, ಜೋರು ಹಾಕಿ’ ಅಂತ ಹಿಂದೆ ತಿರುಗಿ ನಕ್ಕಿತು. ನಾನು ಜೋರು ಹಾಕಿದೆ." ಅವನು ಬೈರಾಸನ್ನು ಮಡಚಿ ಹೆಗಲಿಗೆ ಹಾಕಿದ. "ಇದನ್ನು ವಿಚಾರಣೆಯಲ್ಲಿ ಹೇಳಲಿಲ್ಲ. ಸತ್ತ ಮಗುವಿನ ಮೇಲೆ ಹಾಕ್ತಾನೆ ಅಂತ ಆದೀತು. ಮಾಷ್ಟ್ರತ್ರ ಮಾತ್ರ ಹೇಳಿದ್ದು, ಊರು ಬಿಡುವ ದಿನ. ಅವರು, ‘ಸಪಾಟು ನೀರಿದ್ದರೆ ಕಲ್ಲಿಲ್ಲ ಅಂತ ನಾನೇ ಕಲಿಸಿದ್ದು. ನಾನು ಕಲಿಸಿದ್ದು ತಪ್ಪು’ ಅಂದ್ರು. ಅಷ್ಟೇ ಹೇಳಿ ಹೋದ್ರು."

ವಿಮಲಾ ಅಕ್ಕನ ತೋಳು ಹಿಡಿದಳು. ಕಮಲಾವತಿ ಬಿಡಿಸಿಕೊಂಡಳು.

*

ಎರಡು ವರ್ಷದ ಹಿಂದೆ, ಸಂಜೆ ಅವರು ಹಿಂಬಾಗಿಲಲ್ಲಿ ಬಂದು ನಿಂತಿದ್ದರು. ತೋಳು ಒದ್ದೆ. ಕೈಯಿಂದ ನೀರು ಹೊಸಿಲ ಮೇಲೆ ತೊಟ್ಟಿಕ್ಕುತ್ತಿತ್ತು.

"ಕಮಲಾ, ಒಮ್ಮೆ ಬಾ. ಒಂದು ತೋರಿಸ್ತೇನೆ."

"ನನಗೆ ಕೆಲಸ ಉಂಟು."

ಅವಳಿಗೆ ಕೆಲಸ ಇರಲಿಲ್ಲ. ಹೆಚ್ಚಿ ಮುಗಿದಿದ್ದ ತೊಂಡೆಕಾಯಿಯನ್ನು ತಟ್ಟೆಯಲ್ಲಿ ಸುಮ್ಮನೆ ಆಚೀಚೆ ಸರಿಸುತ್ತಿದ್ದಳು.

"ಎರಡು ನಿಮಿಷ."

"ನಿಮ್ಮ ನೀರಿನ ಆಟ ನಿಮಗೇ ಇರಲಿ. ನನ್ನ ಮನೆಯಲ್ಲಿ ನೀರು ಆಡಿದ್ದು ಸಾಕು."

ಅವರು ಹೊಸಿಲ ಮೇಲಿನ ನೀರನ್ನು ಪಂಚೆಯ ತುದಿಯಿಂದ ಒರೆಸಿದರು, ಅವಳು ಜಾರದ ಹಾಗೆ. "ಆಗಲಿ," ಎಂದು ಹೋದರು. ಮತ್ತೆ ಕರೆಯಲಿಲ್ಲ.

*

"ತೋರಿಸು," ಎಂದಳು ಕಮಲಾವತಿ.

ಧರ್ಣಪ್ಪನಿಗೆ ಅರ್ಥವಾಗಲಿಲ್ಲ.

"ಅವರು ನಿನಗೆ ತೋರಿಸಿದರಲ್ಲ, ಅದನ್ನೇ ನನಗೆ ತೋರಿಸು. ತೊಟ್ಟಿಯಲ್ಲಿ ನೀರುಂಟು."

"ಅತ್ತಿಗೆ!" ರವಿರಾಜ ದನಿ ಎತ್ತಿದ. "ಅಣ್ಣ ಒಳಗೆ ಮಲಗಿರುವಾಗ ಇದೆಂತ? ಜನ ಏನಂದಾರು?"

"ಅವರು ಕರೆದಾಗ ನಾನು ಹೋಗಲಿಲ್ಲ ರವಿರಾಜ. ಅವರನ್ನು ಸುಡುವ ಮೊದಲಾದರೂ ನೋಡ್ತೇನೆ."

ರವಿರಾಜ ದಾರಿ ಬಿಟ್ಟ. ಧರ್ಣಪ್ಪ ತಡಮೆ ದಾಟಿ, ಜಗಲಿಗೆ ತಾಗದ ಹಾಗೆ ಮನೆಯನ್ನು ಬಳಸಿ ಹಿತ್ತಲಿಗೆ ಬಂದ. ತೊಟ್ಟಿಯ ಹತ್ತಿರ ನಿಂತವನು ನೀರನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಹತ್ತು ವರ್ಷದಿಂದ ಅವನು ಸಣ್ಣ ತೋಡು ದಾಟುವುದಿದ್ದರೂ ಸಂಕ ಹುಡುಕಿ ಹೋಗುವವನು. ಈ ಹೊತ್ತೂ ಬಂಟ್ವಾಳದ ಕಡವಿಗೆ ಇಳಿಯದೆ ಪಾಣೆಮಂಗಳೂರಿನ ಸೇತುವೆ ಸುತ್ತಿ ನಡೆದು ಬಂದಿದ್ದ. ಮತ್ತೆ ಅಂಗಿಯ ತೋಳು ಮಡಚಿ ಹಲಗೆಬಾಗಿಲಿಗೆ ಕೈ ಹಾಕಿದ. ಅದರಲ್ಲಿ ಗೀರು ಗೀರು ಗುರುತುಗಳಿದ್ದವು. ಬಾಯಲ್ಲೇ ಎಣಿಸಿ ಏಳನೇ ಗೀರಿಗೆ ಎತ್ತಿ ಬೆಣೆ ಕೊಟ್ಟ.

ನೀರು ಇಳಿಯಿತು. ಮರಿಗೆಯ ಉದ್ದಕ್ಕೂ ಓಡಿತು. ಮೊದಲಿನ ಕುಣಿತ ನಿಂತು ಸಮವಾದಾಗ ಅವನು ಮುಷ್ಟಿಗಾತ್ರದ ಒಂದು ಕಲ್ಲು ತೆಗೆದು ತಳದಲ್ಲಿ ಗುರುತಿಗೆ ಹೊಡೆದಿದ್ದ ಮೊದಲ ಮೊಳೆಯ ಪಕ್ಕದಲ್ಲಿ ಇಟ್ಟ. ಕಲ್ಲು ಪೂರ್ತಿ ಮುಳುಗಿತು. ನೀರು ಅದನ್ನು ದಾಟಿದಲ್ಲಿ ಅಲೆಗಳು ಎದ್ದವು. ಗಾಜಿನ ಬದಿಯಿಂದ ಕಮಲಾವತಿಗೆ ಸ್ಪಷ್ಟ ಕಂಡಿತು: ಬೆರಳು ಎತ್ತರದ ಅಲೆಗಳು, ಸಾಲಾಗಿ, ನಿಂತಲ್ಲೇ ನಿಂತು ನಡುಗುತ್ತ.

"ಇದು ಒಂದು ಕಲ್ಲು," ಎಂದ ಧರ್ಣಪ್ಪ. "ಇದನ್ನು ನಾವೆಲ್ಲ ಕಾಣ್ತೇವೆ."

ಎರಡನೇ ಕಲ್ಲನ್ನು ನೀರಿಗಿಳಿಸಿ, ಹರಿವಿನ ದಿಕ್ಕಿನಲ್ಲಿ ಒಂದು ಗೇಣು ಮುಂದಿದ್ದ ಇನ್ನೊಂದು ಮೊಳೆಯ ಹತ್ತಿರಕ್ಕೆ ಮೆಲ್ಲ ಸರಿಸಿದ. ನೀರು ಕದಡಿತು, ಸಾಲು ಮುರಿಯಿತು. ಅವನು ಕೈ ಹಿಂದೆ ತೆಗೆದ.

ಅಲೆಗಳು ಇರಲಿಲ್ಲ. ಕಲ್ಲುಗಳ ನೇರ ಮೇಲೆ ಸಣ್ಣದೊಂದು ತಗ್ಗು, ಅದೂ ಬಗ್ಗಿ ನೋಡಿದರೆ ಮಾತ್ರ. ಅಲ್ಲಿಂದ ಮುಂದೆ ಕೊನೆಯವರೆಗೆ ನೀರು ಎಣ್ಣೆಯ ಹಾಗೆ ಸಪಾಟು. ಚಿನ್ನಯ್ಯ ಕೊಡಲಿ ಕೆಳಗಿಟ್ಟು ಹತ್ತಿರ ಬಂದ. ರವಿರಾಜನೂ ಬಂದ.

ಕಮಲಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈಯನ್ನು ನೀರಿನೊಳಗೆ ಇಳಿಸಿದಳು. ಬೆರಳಿಗೆ ಒಂದು ಕಲ್ಲು ಸಿಕ್ಕಿತು. ಅದರ ಮುಂದೆ ಇನ್ನೊಂದು. ಎರಡೂ ಇದ್ದವು. ಕೈ ತೆಗೆದಳು, ಕದಡಿದ ನೀರು ಮತ್ತೆ ಸಪಾಟಾಯಿತು.

"ನಾಲ್ಕನೇ ದಿನದ್ದು?"

"ಅದಕ್ಕೆ ಎಂತ ಮಾಡ್ಲಿಕ್ಕಿಲ್ಲ ಅಮ್ಮ. ಸುಮ್ಮನೆ ಕಾಯುವುದು."

ಕಾದರು. ತೊಟ್ಟಿಯಲ್ಲಿ ನೀರು ಇಳಿಯುತ್ತ ಬಂತು. ಅದರ ಭಾರ ಕಡಿಮೆಯಾದಂತೆ ಮರಿಗೆಯ ಓಟವೂ ಕಡಿಮೆಯಾಯಿತು. ಯಾರೂ ಕಲ್ಲು ಮುಟ್ಟಲಿಲ್ಲ, ಬಾಗಿಲು ಮುಟ್ಟಲಿಲ್ಲ. ಸಪಾಟು ನೀರಿನಲ್ಲಿ ಮೊದಲು ಒಂದು ಮಡಿಕೆ ಮೂಡಿತು. ಅದರ ಹಿಂದೆ ಇನ್ನೊಂದು. ನೋಡುತ್ತಿದ್ದ ಹಾಗೆ ಅವು ಒಂದೊಂದಾಗಿ ಎದ್ದು ನಿಂತವು. ಮೂರು ಅಲೆಗಳು.

ಕಮಲಾವತಿಗೆ ಅವುಗಳ ಗುರುತು ಸಿಕ್ಕಿತು. ಹತ್ತು ವರ್ಷ ಕಣ್ಣು ಮುಚ್ಚಿದಾಗೆಲ್ಲ ಕಂಡ ಅಲೆಗಳು ಅವೇ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ, ಒದ್ದೆ ನೆಲದಲ್ಲಿ ಕೂತುಬಿಟ್ಟಳು. ಬೆಳಗಿನಿಂದ ಬಾರದಿದ್ದ ಅಳು ಬಂತು. ಗಂಡನಿಗಾಗಿ ಎಂದು ಸುತ್ತ ನಿಂತವರು ತಿಳಿದರು. ಅವಳ ಬಾಯಿಂದ ಬಂದ ಹೆಸರು ಬೇರೆ. "ತ್ರಿಶಲಾ... ನನ್ನ ಮಗು... ನೀನು ಸರಿಯಾಗಿಯೇ ನೋಡಿದ್ದೆ." ಆ ಹೆಸರು ಆ ಮನೆಯಲ್ಲಿ ಹತ್ತು ವರ್ಷದ ಮೇಲೆ ಕೇಳಿದ್ದು. ವಿಮಲಾ ಪಕ್ಕದಲ್ಲಿ ಕೂತು ಅಕ್ಕನ ತಲೆಯನ್ನು ಎದೆಗೆ ಒತ್ತಿಕೊಂಡಳು.

ಧರ್ಣಪ್ಪ ತೊಟ್ಟಿಗೆ ಆತುಕೊಂಡು ನಿಂತಿದ್ದ. ಒದ್ದೆ ಕೈಗಳನ್ನು ಒರೆಸಿಕೊಳ್ಳಲಿಲ್ಲ.

ಅಳು ತಗ್ಗಿದಾಗ ಅವಳು ತಲೆ ಎತ್ತಿದಳು. "ಆ ದಿನ ಎಲ್ಲರೆದುರು ನಾನು ನಿನಗೆ ಹಾಗೆ ಅಂದೆನಲ್ಲ," ಎಂದಳು.

"ನೀವು ತಾಯಿ," ಎಂದ ಅವನು. "ಬಿಡಿ ಅಮ್ಮ."

"ಬಿಡುವುದು ಹೇಗೆ? ನಿನ್ನ ಹತ್ತು ವರ್ಷ? ಅವರ ಹತ್ತು ವರ್ಷ?"

ಧರ್ಣಪ್ಪ ಬಗ್ಗಿ, ಎರಡೂ ಕಲ್ಲುಗಳನ್ನು ನೀರಿನಿಂದ ತೆಗೆದು ಮರಿಗೆಯ ಅಂಚಿನ ಮೇಲೆ ಇಟ್ಟ.

*

ಎರಡು ಗಂಟೆಗೆ ಎತ್ತಿದರು. ಸ್ನಾನ ಮಾಡಿಸಿ, ಬಿಳಿ ವಸ್ತ್ರ ಹೊದಿಸಿ, ಚಟ್ಟಕ್ಕೆ ಕಟ್ಟಿ ಅಂಗಳದಲ್ಲಿ ಇಟ್ಟಿದ್ದರು. ಶಾಲೆಯ ಹುಡುಗರು ಬೇಲಿಯುದ್ದಕ್ಕೂ ನಿಂತಿದ್ದರು. ರವಿರಾಜ ಹೆಗಲು ಕೊಡುವವರ ಹೆಸರು ಹೇಳತೊಡಗಿದ.

"ಮುಂದೆ, ಎಡಗಡೆ ಧರ್ಣಪ್ಪ ಹಿಡಿಯಲಿ," ಎಂದಳು ಕಮಲಾವತಿ.

ಶಿರ್ತಾಡಿಯಿಂದ ಬಂದಿದ್ದ ಹಿರಿಯರೊಬ್ಬರು ಕೆಮ್ಮಿದರು. "ನಮ್ಮವರು ಇಷ್ಟು ಜನ ಇರುವಾಗ ಅವ ಹೇಗೆ... ಕ್ರಮ ಅಂತ ಒಂದು ಉಂಟಲ್ಲ ಕಮಲಾ."

ಅವಳು ಮೈದುನನನ್ನು ನೋಡಿದಳು. ರವಿರಾಜ ಅಣ್ಣನ ಮುಖ ನೋಡಿದ. ಮತ್ತೆ ತಿರುಗಿ, "ಬಾ ಮಾರಾಯ," ಎಂದ. "ಮುಂದೆ ಬಾ. ಬಲಗಡೆ ನಾನಿದ್ದೇನೆ."

ಧರ್ಣಪ್ಪ ಅಂಗಳಕ್ಕೆ ಬಂದು ಮಾಷ್ಟ್ರ ಪಾದ ಮುಟ್ಟಿದ. ನಾಲ್ವರೂ ಬಗ್ಗಿ, ಒಟ್ಟಿಗೇ ಎತ್ತಿ ಹೆಗಲಿಗೇರಿಸಿದರು.

ಧರ್ಣಪ್ಪ ಗಿಡ್ಡ. ರವಿರಾಜನ ಹೆಗಲಿಗೂ ಅವನ ಹೆಗಲಿಗೂ ಒಂದು ಗೇಣು ವ್ಯತ್ಯಾಸ. ಚಟ್ಟ ಎಡಕ್ಕೆ ವಾಲಿತು. ಅವನು ಬಿದಿರನ್ನು ಹೆಗಲಿನಿಂದ ಎತ್ತಿ ಅಂಗೈ ಮೇಲೆ ಹೊತ್ತು, ಕಾಲ ತುದಿಯಲ್ಲಿ ನಿಂತು ಸರಿಮಾಡಲು ನೋಡಿದ. ಚಟ್ಟ ಮತ್ತೆ ಎಡಕ್ಕೆ ಜಾರಿತು. ಹಿಂದೆ ಹಿಡಿದಿದ್ದ ಚಿನ್ನಯ್ಯ, "ಬೇರೆ ಯಾರಾದರೂ..." ಎಂದು ಶುರುಮಾಡಿದ.

"ಬೇಡ," ಎಂದ ರವಿರಾಜ. "ನೀನು ಹೆಗಲಿಗೇ ಇಡು ಧರ್ಣಪ್ಪ."

ಅವನು ಇಟ್ಟ. ಆಗ ರವಿರಾಜ ಎರಡೂ ಮೊಣಕಾಲು ಬಗ್ಗಿಸಿ ಕುಗ್ಗಿದ. ಅದನ್ನು ನೋಡಿ ಹಿಂದಿನ ಇಬ್ಬರೂ ಕುಗ್ಗಿದರು. ಹೊಳೆಗಿಳಿಯುವ ಓಣಿಯಲ್ಲಿ ಆ ಎತ್ತರದ ಗಂಡಸರು ಹಾಗೆಯೇ, ಬಗ್ಗಿದ ಮೊಣಕಾಲುಗಳಲ್ಲಿ ತೊಡರುತ್ತ ಎಡವುತ್ತ, ಗಿಡ್ಡನ ಹೆಗಲಿಗೆ ತಮ್ಮ ಹೆಗಲು ಸರಿಮಾಡಿಕೊಂಡು ಹೋದರು. ಮೊದಲ ತಿರುವಿನಲ್ಲೇ ರವಿರಾಜನ ಕಾಲು ಸೋತದ್ದು ಅಂಗಳದಲ್ಲಿ ನಿಂತಿದ್ದ ಕಮಲಾವತಿಗೆ ಕಂಡಿತು. ಅವನು ಒಂದು ಕ್ಷಣ ನಿಂತ, ಹಲ್ಲು ಕಚ್ಚಿದ, ನೆಟ್ಟಗಾಗಲಿಲ್ಲ.